ನೀರು ಒಪ್ಪುವ ನೆಲ

ಹದಿನೈದು ಅಡಿಯ ಕೊಳ, ಹದಿನಾರು ಟನ್ನು ನೀರು, ಮೂರೇ ಅಂಗುಲದ ಓರೆ! ನ್ಯಾಲ್ಕಲ್ ಸೀಮೆಯ ಹಿತ್ತಲೊಂದರಲ್ಲಿ ಕಳೆದ ಬೇಸಗೆ ಸಂಭವಿಸಿದ ಕಿರುಪ್ರಳಯದ ವೃತ್ತಾಂತ; ಮತ್ತು ರಾಶಿಯ ಕಣ ಮಾಡಿ ಪಳಗಿದ ಮುದುಕರೊಬ್ಬರು ಆ ನೆಲವನ್ನು ತಿದ್ದಿದ ಬಗೆ.

ಬೆಳಗಿನ ಎಂಟು ಗಂಟೆಯಿರಬಹುದು. ನಮ್ಮ ಕಾಕಿಯವರು ಹಿತ್ತಲಿನಲ್ಲಿ ಈಚಲು ಚಾಪೆಗಳನ್ನು ಹಾಸಿ, ಹಪ್ಪಳಗಳನ್ನು ಒಂದೊಂದಾಗಿ ಹರವಿ, ಕಾಗೆಗಳನ್ನು ಕಾಯುವುದಕ್ಕೆಂದು ಮೊಮ್ಮಗಳ ಕೈಗೊಂದು ಕೋಲನ್ನು ಕೊಟ್ಟು ಬೇವಿನ ಕಟ್ಟೆಯ ಮೇಲೆ ಕೂಡಿಸಿ, ಒಲೆಯ ಕಡೆಗೆ ತಿರುಗಿದ್ದರಷ್ಟೆ. ಹಿಂದಿನ ದಿನ ಸಂಜೆಯವರೆಗೆ ಮೂರು ಟ್ಯಾಂಕರುಗಳ ನೀರನ್ನು ಕುಡಿದು, ರಾತ್ರಿಯೆಲ್ಲ ತೆಂಕಣ ದಿಕ್ಕಿಗೆ ಭುಜವನ್ನು ಇಳಿಬಿಟ್ಟುಕೊಂಡು ನಿಂತಿದ್ದ ಆ ನೀಲವರ್ಣದ ದುಂಡು ಕೊಳ ಒಮ್ಮೆಲೆ ಮಂಡಿಯೂರಿತು.

ಸದ್ದೇನೂ ಹೆಚ್ಚಾಗಲಿಲ್ಲ. ಒದ್ದೆಯ ಕಂಬಳಿಯನ್ನು ಕಲ್ಲಿನ ಮೇಲೆ ಒಗೆದಂತಹ ಒಂದು ಧ್ವನಿ, ಅಷ್ಟೆ. ಹಪ್ಪಳ, ಚಾಪೆ, ಎರಡು ಜೊತೆ ಚಪ್ಪಲಿ, ಕೋಳಿ ಮುಚ್ಚುವ ಬುಟ್ಟಿ ಇವೆಲ್ಲವನ್ನೂ ಬಾಚಿಕೊಂಡ ಆ ಪ್ರವಾಹವು ದನದ ಕೊಟ್ಟಿಗೆಯನ್ನು ಹೊಕ್ಕು, ತಿಪ್ಪೆಯನ್ನು ಪ್ರದಕ್ಷಿಣೆ ಮಾಡಿ, ನೆರೆಯವರ ಬದನೆಯ ಮಡಿಗಳಲ್ಲಿ ಹೋಗಿ ವಿಶ್ರಮಿಸಿತು. ಕೋಲನ್ನು ಹಿಡಿದ ಕಾವಲುಗಾತಿ ಮಾತ್ರ ಕಟ್ಟೆಯ ಮೇಲೆಯೇ ನಿಂತು ಈ ಮಹಾಕಾರ್ಯವನ್ನು ಪರಮಾನಂದದಿಂದ ನೋಡುತ್ತಿದ್ದಳು.

ಕೊಳವನ್ನು ತಂದವನು ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ. ರಜೆಗೆ ಬರುವ ಮಕ್ಕಳು ಬಾವಿಗಿಳಿಯುವುದನ್ನು ಅವನು ಒಪ್ಪಲಾರ. ಒಣ ಸೋರೆಬುರುಡೆಯನ್ನು ಬೆನ್ನಿಗೆ ಬಿಗಿದು ನಮ್ಮನ್ನು ಮೆಟ್ಟಿಲಬಾವಿಗೆ ನೂಕುತ್ತಿದ್ದ ಕಾಲದ ಈಜಿನ ಪಾಠವು ಅವನ ಪಾಲಿಗೆ ಅಪರಾಧವೇ ಸರಿ. ಆದುದರಿಂದ ಉಕ್ಕಿನ ಕೊಳವೆಗಳ ಕಟ್ಟು, ದಪ್ಪ ಪ್ಲಾಸ್ಟಿಕ್ಕಿನ ಚೀಲ, ಸೋಸುವ ಯಂತ್ರ, ಏಣಿ ಇಷ್ಟನ್ನೂ ಎರಡು ಪೆಟ್ಟಿಗೆಗಳಲ್ಲಿ ತುಂಬಿಸಿಕೊಂಡು ಬಂದು, ಅರ್ಧ ತಾಸಿನಲ್ಲಿ ಜೋಡಿಸಿಯೂ ಬಿಟ್ಟನು.

ಪೆಟ್ಟಿಗೆಯೊಳಗಿನ ಪುಸ್ತಿಕೆಯ ಮೊದಲ ಪುಟದಲ್ಲಿಯೇ 'ಸಮತಟ್ಟಾದ ನೆಲದ ಮೇಲೆ ಮಾತ್ರ' ಎಂದು ಅಚ್ಚಾಗಿದ್ದಿತು. ಹಿತ್ತಲು ತೆಂಕಣಕ್ಕೆ ತುಸು ಇಳಿಜಾರೆಂಬುದನ್ನು ಅವನೂ ಬಲ್ಲ. ಒಂದು ಟ್ರಾಲಿ ಗರಸು ತರಿಸಿ ತಗ್ಗಿನ ಕಡೆಗೆ ಸುರಿಸಿ, ಕಾಲಿನಿಂದ ನಾಲ್ಕು ಬಾರಿ ತುಳಿದು, ಮೊಬೈಲನ್ನು ಅದರ ಮೇಲಿಟ್ಟು, ಪರದೆಯ ಗುಳ್ಳೆ ನಡುವೆ ನಿಂತುದನ್ನು ನನಗೂ ತೋರಿಸಿದ್ದನು. ನಾನೂ ತಲೆಯಾಡಿಸಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಈ ನೆಲದ ವಿಷಯವಾಗಿ ಎರಡು ಮಾತು.

ನ್ಯಾಲ್ಕಲ್ ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲ. 1956ರ ನವೆಂಬರ್ 1ಕ್ಕೆ ಮುನ್ನ ಅದು ಬೀದರ ತಾಲೂಕಿನದೇ ಒಂದು ಸರ್ಕಲ್ಲು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನ್ಯಾಲ್ಕಲ್ ಸರ್ಕಲ್ಲೂ, ನಿರ್ಣಾ ಸರ್ಕಲ್ಲೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲೂಕೂ, ನಾರಾಯಣಖೇಡ ತಾಲೂಕೂ ಬೀದರಿನಿಂದ ಕಳಚಿಕೊಂಡು, ಕಲಬುರ್ಗಿಯಿಂದ ತಾಂಡೂರು ಕೊಡಂಗಲ್ಲುಗಳು ಕಳಚಿಕೊಂಡಂತೆಯೇ, ಆಂಧ್ರಪ್ರದೇಶವನ್ನು ಸೇರಿದುವು. ಸರ್ಕಾರ ಬದಲಾಯಿತು, ಬಾಗಿಲೊಳಗಿನ ಮಾತು ಕನ್ನಡವಾಗಿಯೇ ಉಳಿಯಿತು. ಮಣ್ಣಂತೂ ಬೀದರಿನ ಮಣ್ಣೇ.

ಆ ಮಣ್ಣಿನ ಸ್ವಭಾವವೇ ಇಬ್ಬಗೆ. ದಿಬ್ಬದ ಮೇಲೆ ಬೀದರಿನ ಕೋಟೆಯನ್ನು ಕಟ್ಟಿದ ಅದೇ ಕೆಂಪು ಜಂಬಿಟ್ಟಿಗೆ, ಅದು ಪುಡಿಯಾದ ಗರಸು; ತಗ್ಗಿನಲ್ಲಿ ಎರೆ. ಗರಸು ನಂಬಿಕಸ್ಥ, ಒಮ್ಮೆ ಕುಳಿತರೆ ಏಳದು. ಎರೆಯಾದರೋ ಮಳೆಯಲ್ಲಿ ಉಬ್ಬಿ, ಚೈತ್ರದ ಹೊತ್ತಿಗೆ ಬಿರಿದು, ಕೈ ಇಳಿಯುವಷ್ಟು ಸೀಳುಗಳಾಗಿ ಬಾಯ್ತೆರೆದು ನಿಲ್ಲುವಂತಹುದು. ಅದರೊಳಗಿನ ಜೇಡಿಕಣಗಳು ಎಷ್ಟು ಸೂಕ್ಷ್ಮವಾದ ಹಾಳೆಗಳೆಂದರೆ, ನೀರು ಅವುಗಳ ನಡುವೆ ನುಸುಳಿ ಪದರಪದರವನ್ನೂ ದೂರ ತಳ್ಳುತ್ತದೆ. ಆರಿದಾಗ ಅವು ಮತ್ತೆ ಅಂಟಿಕೊಳ್ಳುತ್ತವೆ. ಜೋಳ ಕಡಲೆಗಳಿಗೆ ಇದು ವರ. ಗೋಡೆ ಎಬ್ಬಿಸುವವನಿಗೆ ಶಾಪ.

ನಮ್ಮ ಕಾಕಾರ ಹಿತ್ತಲು ಈ ಎರಡೂ ಕೂಡುವ ಎಡೆಯಲ್ಲಿದೆ; ಬಡಗಣ ಅರ್ಧ ಗರಸು, ತೆಂಕಣ ಅರ್ಧ ಎರೆ. ಮೊದಲ ಸಲ ಕೊಳದ ಅರ್ಧ ಭಾಗವು ಹಳೆಯ ಗಟ್ಟಿನೆಲದ ಮೇಲೆಯೂ ಉಳಿದರ್ಧವು ಎರೆಯ ಮೇಲೆ ಸುರಿದ ಸಡಿಲ ಮಣ್ಣಿನ ಮೇಲೆಯೂ ನಿಂತಿದ್ದಿತು. ರಾತ್ರಿ ಆ ಸಡಿಲ ಮಣ್ಣಿನಲ್ಲಿ ಉಕ್ಕಿನ ಕಾಲುಗಳು ಒಂದೊಂದಾಗಿ ಇಳಿದುವು. ಇಳಿದಷ್ಟೂ ನೀರು ಅತ್ತ ಸರಿಯಿತು. ಸರಿದಷ್ಟೂ ಕಾಲುಗಳು ಇನ್ನಷ್ಟು ಇಳಿದುವು.

> ತೂಕದ ಲೆಕ್ಕ
> 15 ಅಡಿ ವ್ಯಾಸದ ಕೊಳದಲ್ಲಿ ಒಂದು ಮೀಟರು ನೀರು ನಿಂತರೆ ಸುಮಾರು 16,400 ಲೀಟರು. ಅಂದರೆ 16 ಟನ್ನಿಗೂ ಮೀರಿದ ಭಾರ.
> ನೆಲದ ಪ್ರತಿ ಚದರ ಮೀಟರಿನ ಮೇಲೆ ಬೀಳುವುದು ಒಂದು ಟನ್ನು ಮಾತ್ರ. ಒಂಟಿಕಾಲಿನಲ್ಲಿ ನಿಂತ ಮನುಷ್ಯ ತನ್ನ ಪಾದದಡಿಯ ನೆಲವನ್ನು ಇದಕ್ಕಿಂತ ಹೆಚ್ಚು ಒತ್ತುತ್ತಾನೆ.
> ಗೋಡೆಯ ಮಾತು ಬೇರೆ. ಒಂದು ಮೀಟರು ಆಳದ ನೀರು ಗೋಡೆಯ ಪ್ರತಿ ಮೀಟರು ಉದ್ದವನ್ನು 500 ಕಿಲೋ ತೂಕದಷ್ಟು ಬಲದಿಂದ ಹೊರಗೆ ತಳ್ಳುತ್ತದೆ. ಆಳ ನೂರಕ್ಕೆ ಹತ್ತರಷ್ಟು ಏರಿದರೆ ತಳ್ಳು ನೂರಕ್ಕೆ ಇಪ್ಪತ್ತೊಂದರಷ್ಟು ಏರುತ್ತದೆ.

ಅನರ್ಥದ ಮೂಲ ಈ ಕೊನೆಯ ಲೆಕ್ಕದಲ್ಲಿದೆ. ನೆಲ ಓರೆಯಾಗಿದ್ದರೂ ನೀರಿನ ಮೇಲ್ಮೈ ಓರೆಯಾಗಲಾರದು. ಆದುದರಿಂದ ತಗ್ಗಿನ ಬದಿಯಲ್ಲಿ ನೀರು ಆಳವಾಗಿ ನಿಂತು ಆ ಬದಿಯ ಗೋಡೆಯನ್ನೇ ಹಗಲಿರುಳೂ ನೂಕುತ್ತಿರುತ್ತದೆ. ಇಂತಹ ಕೊಳಗಳಿಗೆ ಆಚೀಚೆಯ ಅಂಚುಗಳ ನಡುವೆ ಒಂದು ಅಂಗುಲದಷ್ಟು ವ್ಯತ್ಯಾಸವನ್ನು ಕ್ಷಮಿಸಬಹುದು ಎನ್ನುತ್ತಾರೆ ಅನುಭವಿಗಳು. ನಮ್ಮ ಹಿತ್ತಲಿನ ಸಹಜವಾದ ಓರೆ, ಆಮೇಲೆ ಅಳೆದಾಗ ತಿಳಿದುಬಂದಂತೆ, ಮೂರು ಅಂಗುಲ.

ಕಾಕಾ ಅಂದು ಯಾರನ್ನೂ ಗದರಲಿಲ್ಲ. ಒದ್ದೆ ಮಣ್ಣಿನಲ್ಲಿ ಹೆಬ್ಬೆರಳನ್ನೂರಿ ನೋಡಿ, "ತಗ್ಗ ತುಂಬಬ್ಯಾಡ ತಮ್ಮಾ, ದಿನ್ನಿ ಕಡಿ. ತುಂಬಿದ ಮಣ್ಣ ಒಂದ್ ಮಳಿಗಾಲ ಕುಂತ ಮ್ಯಾಲೆ ನೆಲ ಆಗತದ" ಎಂದರು. ಎಂಟು ದಿನ ಆ ಜಾಗವನ್ನು ಮುಟ್ಟಗೊಡಲಿಲ್ಲ.

ಎಪ್ಪತ್ತು ದಾಟಿದ ಕಾಕಾ ಈಜುಕೊಳವನ್ನು ಅದಕ್ಕೆ ಮುನ್ನ ಕಂಡವರೇ ಅಲ್ಲ. ಆದರೆ ಕಣ ಮಾಡಬಲ್ಲರು. ಯಂತ್ರಗಳು ಹೊಲಕ್ಕೇ ಬಂದು ತೆನೆಯನ್ನು ಕಾಳಾಗಿಸಿ ಸುರಿದುಹೋಗುವ ಈ ದಿನಗಳಲ್ಲಿ ಕಣವೆಂದರೇನೆಂದು ಕೇಳುವ ಮಕ್ಕಳಿರುವರಾದ್ದರಿಂದ ಹೇಳಬೇಕಾಗಿದೆ: ಮಾಘಮಾಸದಲ್ಲಿ ಜೋಳದ ತೆನೆ ಮುರಿಯುವುದಕ್ಕೆ ಮುನ್ನ, ಗಟ್ಟಿಯಾದ ಒಂದು ತಾಣವನ್ನು ಆರಿಸಿ, ನಡುವೆ ಮೇಟಿಯನ್ನು ನೆಟ್ಟು, ಅದಕ್ಕೆ ಕಟ್ಟಿದ ಹಗ್ಗದಿಂದ ದುಂಡಗೆ ಗೆರೆ ಎಳೆದು, ಹುಲ್ಲು ಕಳೆಯನ್ನು ಕೆತ್ತಿ, ದಿನ್ನೆಯನ್ನು ಸವರಿ, ನೀರು ಚಿಮುಕಿಸಿ, ದನಗಳಿಂದ ತುಳಿಸಿ, ಕೊನೆಗೆ ಸಗಣಿಯ ಬಗ್ಗಡದಿಂದ ಸಾರಿಸಿ, ಒಂದು ಕಾಳೂ ಮಣ್ಣಿನಲ್ಲಿ ಹೂತುಹೋಗದಂತೆ ನುಣುಪು ಮಾಡಿದ ವೃತ್ತವೇ ಕಣ. ತೆನೆಯನ್ನು ತುಳಿಯುವ ಹಂತಿಯ ಎತ್ತುಗಳು ಅದರ ಮೇಲೆ ಸುತ್ತುತ್ತಿದ್ದುವು. ಹಂತಿಯ ಹಾಡು ಇರುಳೆಲ್ಲ ಕೇಳಿಬರುತ್ತಿದ್ದಿತು.

ಕೊಳದ ತಳವನ್ನು ಸಿದ್ಧಪಡಿಸುವ ಕ್ರಮವನ್ನು ಓದಿ ಹೇಳೆಂದು ನನ್ನ ಅಳಿಯನನ್ನು ಕೇಳಿದ ಕಾಕಾ, ನಾಲ್ಕು ಸಾಲು ಕೇಳುವಷ್ಟರಲ್ಲಿಯೇ ಕೈಯೆತ್ತಿ ನಿಲ್ಲಿಸಿದರು. ನಡುವೆ ಗೂಟ, ಗೂಟಕ್ಕೆ ಹಗ್ಗ, ಹಗ್ಗದಿಂದ ದುಂಡು. "ಇದು ಕಣ ಅದ," ಎಂದರು.

ಸ್ಥಳವನ್ನೇ ಮೊದಲು ಬದಲಿಸಿದರು. ಬೇವಿನ ಬೇರುಗಳು ಹಾಯ್ದ ಕಡೆ ಬೇಡ. ತಲೆಯ ಮೇಲೆ ವಿದ್ಯುತ್ತಿನ ತಂತಿ ಇರಬಾರದು. ಶೌಚಗುಂಡಿಯ ಮಗ್ಗುಲಲ್ಲಿ ನೆಲವು ಟೊಳ್ಳು. ಇದ್ದ ಜಾಗದಿಂದ ತುಸು ಬಡಗಣಕ್ಕೆ ಸರಿದು, ಬಹುಭಾಗ ಗರಸೇ ಇರುವಲ್ಲಿ ಮೇಟಿಯನ್ನು ನೆಟ್ಟರು. ಆದರೂ ತೆಂಕಣದ ಒಂದು ಅಂಚಿಗೆ ಎರೆ ತಾಗುವುದು ತಪ್ಪಲಿಲ್ಲ. ಕೊಳದ ಅರೆವ್ಯಾಸ ಏಳೂವರೆ ಅಡಿಯಾದರೂ ಹಗ್ಗವನ್ನು ಒಂಬತ್ತು ಅಡಿ ಹಿಡಿದು, ಒಲೆಯ ಬೂದಿಯಿಂದ ವೃತ್ತವನ್ನು ಬರೆದರು. ಕಾಲುಗಳ ಆಚೆಗೂ ಗಟ್ಟಿನೆಲ ಇರಬೇಕಲ್ಲವೆ?

ಅನಂತರ ಹುಲ್ಲಿನ ಸರದಿ. ಇದು ಅಲಂಕಾರಕ್ಕಾಗಿ ಮಾಡುವ ಕೆಲಸವೆಂದು ನಾನು ತಿಳಿದಿದ್ದೆ. ಕಾಕಾ ಗುದ್ದಲಿಯ ಮೊನೆಯಿಂದ ಒಂದು ಜೇಕಿನ ಗಡ್ಡೆಯನ್ನು ಎಬ್ಬಿಸಿ ಅಂಗೈಯಲ್ಲಿಟ್ಟು ತೋರಿಸಿದರು: ಕಡಲೆಕಾಳಿಗಿಂತ ತುಸು ದೊಡ್ಡದು, ಕಪ್ಪು, ಒರಟು, ತುದಿಯಲ್ಲಿ ಸೂಜಿಯಂತೆ ಮಸೆದ ಬಿಳಿಯ ಮೊಳಕೆ. ಈ ಮೊಳಕೆಯು ಪ್ಲಾಸ್ಟಿಕ್ಕಿನ ಹಾಳೆಯನ್ನು ಕೆಳಗಿನಿಂದ ಚುಚ್ಚಿಕೊಂಡು ಮೇಲೇಳಬಲ್ಲದು. ಗಣಪತಿಗೆ ಪ್ರಿಯವಾದ ಗರಿಕೆಯೂ ಈ ವಿಷಯದಲ್ಲಿ ಸಾಧುವಲ್ಲ. ಮೊಮ್ಮಗಳು ಒಂದು ಡಬ್ಬಿ ತುಂಬ ಜೇಕಿನ ಗಡ್ಡೆಗಳನ್ನು ಆರಿಸಿದಳು. ಒಂದಕ್ಕೆ ನಾಲ್ಕಾಣೆಯಂತೆ ಅಜ್ಜ ಕೊಡುವ ಒಪ್ಪಂದವಿತ್ತು, ನಾಲ್ಕಾಣೆ ಈಗ ಚಲಾವಣೆಯಲ್ಲಿಲ್ಲವೆಂಬುದು ಅವಳಿಗೆ ಆಮೇಲೆ ತಿಳಿಯಿತು.

ಎರಡನೆಯ ದಿನ ದಿನ್ನೆಯನ್ನು ಕಡಿದು ಮುಗಿಸಿ, ಕಾಕಾ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣನ್ನು ಮುಚ್ಚಿ ನೋಡಿ, ಸಮನಾಯಿತೆಂದು ಸಾರಿದರು. ಕಣಕ್ಕೆ ಅಷ್ಟು ಸಾಕು. ಕಾಳು ಉರುಳಿಹೋಗದಿದ್ದರಾಯಿತು.

ಅಷ್ಟರಲ್ಲಿ ಜಹೀರಾಬಾದಿನಿಂದ ಬಂದ ಗೌಂಡಿ ಲೆವಲ್ ಪೈಪನ್ನು ಬಿಚ್ಚಿದನು. ಮೂವತ್ತು ಅಡಿಯ ಪಾರದರ್ಶಕ ಕೊಳವೆ. ಬಕೆಟ್ಟಿನಿಂದ ಬಾಯಲ್ಲಿ ಎಳೆದು ನೀರನ್ನು ತುಂಬಿಸಿ, ಕೊಳವೆಯುದ್ದಕ್ಕೂ ಬೆರಳಿನಿಂದ ತಟ್ಟುತ್ತ ಒಂದೊಂದು ಗುಳ್ಳೆಯನ್ನೂ ಹೊರಗಟ್ಟಿ, ಎರಡೂ ತುದಿಗಳನ್ನು ಮೊದಲು ಒತ್ತೊತ್ತಿಗೆ ಹಿಡಿದು ನೀರು ಒಂದೇ ಮಟ್ಟದಲ್ಲಿ ನಿಂತಿತೆ ಎಂದು ಪರೀಕ್ಷಿಸಿದನು. ಒಂದು ಗುಳ್ಳೆ ಒಳಗುಳಿದರೂ ಅಳತೆ ಕೆಟ್ಟಿತು. ಆಮೇಲೆ ಒಂದು ತುದಿಯನ್ನು ಮೇಟಿಗೆ ಕಟ್ಟಿ, ಇನ್ನೊಂದನ್ನು ವೃತ್ತದ ಎಂಟು ದಿಕ್ಕುಗಳಿಗೂ ಒಯ್ದು, ಗೂಟಗಳ ಮೇಲೆ ಗುರುತು ಹಾಕಿ, ಗುರುತಿನಿಂದ ನೆಲದವರೆಗೆ ಟೇಪು ಹಿಡಿದನು.

ಮೂಡಣ ಅಂಚು ಕಾಲಂಗುಲ ಎತ್ತರ. ಬಡಗಣ ಅಂಚು ಒಂದೂವರೆ ಅಂಗುಲ ಎತ್ತರ!

ಕಾಕಾ ನಂಬಲಿಲ್ಲ. ಒಂದು ಕೊಡ ನೀರನ್ನು ತರಿಸಿ ಬಡಗಣ ಅಂಚಿನಲ್ಲಿ ಸುರಿದರು. ನೀರು ಕ್ಷಣಕಾಲ ಯೋಚಿಸಿದಂತೆ ನಿಂತು, ತೆಳ್ಳಗಿನ ಒಂದು ನಾಲಿಗೆಯನ್ನು ಚಾಚಿ, ಮೇಟಿಯ ಬುಡದವರೆಗೂ ಹರಿದು ಬಂದಿತು. ಐವತ್ತು ವರ್ಷಗಳ ಕಣ್ಣಿನ ಅಂದಾಜು ಹೀಗೆ ಒಂದು ಕೊಡ ನೀರಿನ ಮುಂದೆ ಸೋತುದನ್ನು ಅವರು ಸ್ವಲ್ಪವೂ ಬೇಸರವಿಲ್ಲದೆ ನೋಡಿ, ಸಲಿಕೆಯನ್ನು ಮತ್ತೆ ಎತ್ತಿಕೊಂಡರು.

> ಸರಪಣಿಯ ದಾರಿ
> ನೆಲದ ಮಟ್ಟದ ಗೀಳು ಈ ಸೀಮೆಗೆ ಹೊಸದಲ್ಲ. ಭಾರತದ ಮಹಾ ತ್ರಿಕೋನಮಿತಿ ಮೋಜಣಿಯನ್ನು ನಡೆಸಿದ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ತನ್ನ ಆಧಾರರೇಖೆಗಳಲ್ಲೊಂದನ್ನು ಅಳೆದುದು ಬೀದರಿನ ಬಳಿಯ ಬಯಲಿನಲ್ಲಿ. ಉಕ್ಕಿನ ಸರಪಣಿಯನ್ನು ಮರದ ತೊಟ್ಟಿಗಳಲ್ಲಿ ಹಾಸಿ, ತೊಟ್ಟಿಗಳನ್ನು ತಿರುಪುಗಳಿಂದ ಏರಿಸಿ ಇಳಿಸಿ ಸರಿಪಡಿಸುತ್ತಿದ್ದರು.
> 1841ರಲ್ಲಿ ಇಲ್ಲಿಯ ಆಧಾರರೇಖೆಯನ್ನು ಮತ್ತೆ ಅಳೆಯಲಾಯಿತು. ಆ ಹೊತ್ತಿಗೆ ಸರಪಣಿ ಹೋಗಿ, ಹಿತ್ತಾಳೆ ಕಬ್ಬಿಣಗಳನ್ನು ಜೋಡಿಸಿ ಮಾಡಿದ, ಶಾಖಕ್ಕೆ ಅಳತೆ ಬದಲಾಗದ ಸರಳುಗಳು ಬಂದಿದ್ದುವು. ಬೀದರಿಗೆ ಸಮೀಪದ ದಾಮರಗಿದ್ದ ಆ ಮೋಜಣಿಯ ಪ್ರಸಿದ್ಧ ಠಾಣೆಗಳಲ್ಲೊಂದು.

ಮಟ್ಟವೆಂಬುದು ಒಂದು ವಿದ್ಯೆಯಾದರೆ, ಬೇಕೆಂದೇ ಕೊಡುವ ಓರೆಯು ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿದ್ಯೆ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗಬಾವಿ ಇದೆ. ಪರ್ಷಿಯಾದಿಂದ ಬಂದ ಆ ವಿದ್ಯೆಯಲ್ಲಿ ಜಂಬಿಟ್ಟಿಗೆಯನ್ನು ಕೊರೆದು ನೆಲದಡಿಯಲ್ಲಿ ಒಯ್ದ ಕಾಲುವೆಗೆ, ನೀರು ನಿಲ್ಲಲೂ ಬಾರದು, ರಭಸದಿಂದ ನೆಲವನ್ನು ಕೊರೆಯಲೂ ಬಾರದು ಎಂಬಷ್ಟೇ ಇಳಿಜಾರು. ಈಚಿನ ವರ್ಷಗಳಲ್ಲಿ ಮೀನು ಸಾಕಣೆಗೆಂದು ಹಳ್ಳಿಗಳಲ್ಲಿ ಎದ್ದಿರುವ ಬಯೋಫ್ಲಾಕ್ ತೊಟ್ಟಿಗಳೂ, ತಂತಿಬಲೆಯ ಸುತ್ತು, ಒಳಗೆ ದಪ್ಪ ತಾಡಪತ್ರಿ, ನಾಲ್ಕು ಮೀಟರು ವ್ಯಾಸ ಎಂಬಂತೆ, ನಮ್ಮ ಕೊಳದ ದಾಯಾದಿಗಳೇ. ಆದರೆ ಅವುಗಳ ಅಂಚು ಸಮನಾಗಿದ್ದು ತಳ ಮಾತ್ರ ನಡುವಿಗೆ ಇಳಿದಿರಬೇಕು. ಮೀನಿನ ಮಲಿನವು ಅಲ್ಲಿಗೆ ಜಾರಿ ಕೊಳವೆಯಲ್ಲಿ ಹೊರಹೋಗಬೇಕು.

ಮೂರನೆಯ ದಿನ ನೆಲಕ್ಕೆ ನೀರು ಚಿಮುಕಿಸಿ ದಿಮ್ಮಸಿನಿಂದ ಹೊಡೆದರು. ಎತ್ತುಗಳು ಮನೆಯಲ್ಲಿಲ್ಲ, ಆದುದರಿಂದ ಹಂತಿಯ ಕೆಲಸ ಅಳಿಯನ ಪಾಲಿಗೆ ಬಂದಿತು. ಮೇಟಿಯ ಸುತ್ತ ಸುತ್ತುತ್ತ ಅವನು ದಿಮ್ಮಸನ್ನು ಎತ್ತಿಹಾಕುತ್ತಿದ್ದಾಗ ಕಾಕಿಯವರು ಬಾಗಿಲಲ್ಲಿ ನಿಂತು, "ಹಾಡ ಹೇಳೋ ಯಪ್ಪಾ, ಹಾಡಿಲ್ದ ಹಂತಿ ಹೊಡಿತಾರೇನು?" ಎಂದು ಕೇಳಿದರು. ತೇಲಿಹೋದ ಹಪ್ಪಳಗಳ ಲೆಕ್ಕ ಇನ್ನೂ ಚುಕ್ತಾ ಆಗಿರಲಿಲ್ಲವೆಂದು ತೋರುತ್ತದೆ.

ಕೊಳದ ಕಾಲುಗಳು ನಿಲ್ಲುವ ಒಂದೊಂದು ಜಾಗದಲ್ಲಿಯೂ ತಾಂಡೂರಿನ ಫರಸಿ ಕಲ್ಲಿನ ತುಂಡನ್ನು, ಅದರ ಮೈ ನೆಲದ ಮೈಗೆ ಸರಿಯಾಗುವಂತೆ ಹುಗಿದರು. ಕಲ್ಲು ನೆಲದ ಮೇಲೆ ಕುಳಿತಿರಬಾರದು, ನೆಲದೊಳಗೆ ಕುಳಿತಿರಬೇಕು. ಜೋಳವನ್ನು ಹಸನು ಮಾಡುವ ಸಾಣಿಗೆಯಿಂದ ಮರಳನ್ನು ಜಾಡಿಸಿ ಎರಡು ಅಂಗುಲ ಹರಡಿ, ನೇರವಾದ ಮರದ ಪಟ್ಟಿಯನ್ನು ಮೇಟಿಯಿಂದ ಅಂಚಿಗೆ ಎಳೆಯುತ್ತ ಸುತ್ತಿದರು. ಕಡೆಯಲ್ಲಿ ಮೇಟಿಯನ್ನು ಕಿತ್ತು, ಆ ಕುಳಿಗೆ ಮಣ್ಣು ತುಂಬಿ, ಹಾರೆಯ ತಲೆಯಿಂದ ಜಡಿದರು. ತುಂಬಿದ ಮಣ್ಣು ಇಡೀ ನೆಲದಲ್ಲಿ ಅದೊಂದೇ. ಮೇಲೆ ಹಳೆಯ ಗೋಣಿಚೀಲಗಳ ಹಾಸು, ಅದರ ಮೇಲೊಂದು ತಾಡಪತ್ರಿ.

ಈ ಸಲ ಕೊಳಕ್ಕೆ ಮೊದಲು ಎರಡು ಅಂಗುಲ ನೀರನ್ನು ಬಿಟ್ಟು ನಿಲ್ಲಿಸಿದರು. ತಳದ ಸುಕ್ಕುಗಳನ್ನು ಬರಿಗಾಲಿನಿಂದ ನಡುವಿನಿಂದ ಅಂಚಿಗೆ ತಳ್ಳುತ್ತ ಸವರಿ, ನೀರು ಒಂದು ಬದಿಗೆ ಓಡುವುದೋ ಎಂದು ತಾಸುಹೊತ್ತು ಕಾಯ್ದರು. ಓಡಲಿಲ್ಲ. ಟ್ಯಾಂಕರಿನವನಿಗೆ ಆಗ ಸನ್ನೆ ದೊರೆಯಿತು.

> ಮೊಹೆಂಜೊದಾರೊದ ಇಟ್ಟಿಗೆ
> ಸಿಂಧೂ ನಾಗರಿಕತೆಯ ಮಹಾಸ್ನಾನಕೊಳದ ಉದ್ದ ಸುಮಾರು 12 ಮೀಟರು, ಅಗಲ 7 ಮೀಟರು, ಆಳ ಸುಮಾರು 2.4 ಮೀಟರು. ಇಟ್ಟಿಗೆಗಳನ್ನು ಒತ್ತಾಗಿ ಕೂಡಿಸಿ, ನೀರು ಜಿನುಗದಂತೆ ನೈಸರ್ಗಿಕ ಡಾಂಬರನ್ನು ಬಳಿದಿದ್ದರು. ಅದರ ತಳಕ್ಕೆ ನೀರು ಖಾಲಿ ಮಾಡಲು ಮೂಲೆಯ ಕಡೆಗೆ ಇಳಿಜಾರು ಕೊಟ್ಟಿದ್ದರು.

ಬರದ ಸೀಮೆಯಲ್ಲಿ ಆಟಕ್ಕಾಗಿ ಹದಿನಾರು ಸಾವಿರ ಲೀಟರು ನೀರೆ, ಎಂದು ಓದುಗರು ಕೇಳದಿರಲಾರರು. ಕೇಳಬೇಕಾದುದೇ. ಮಂಜೀರಾ ಈ ಸೀಮೆಯ ಮಗ್ಗುಲಲ್ಲಿಯೇ ಹರಿದು ಸಿಂಗೂರಿನ ಜಲಾಶಯದಿಂದ ಹೈದರಾಬಾದಿಗೆ ಕುಡಿಯುವ ನೀರನ್ನು ಕೊಡುತ್ತಿದ್ದರೂ, ಬೇಸಗೆಯಲ್ಲಿ ಕೊಡ ಹಿಡಿದು ಸಾಲು ನಿಲ್ಲುವ ಓಣಿಗಳು ಇಲ್ಲಿ ಇಲ್ಲದಿಲ್ಲ. ಕಡುಬೇಸಗೆಯಲ್ಲಿ ದಿನಕ್ಕೆ ಎಂಟು ಮಿಲಿಮೀಟರು ನೀರು ಆವಿಯಾಗುವುದೆಂದಿಟ್ಟುಕೊಂಡರೂ ಇಷ್ಟಗಲದ ಕೊಳದಿಂದ ಸೂರ್ಯನಿಗೆ ಸಲ್ಲುವುದು ನಿತ್ಯ 130 ಲೀಟರು. ಮೊದಲ ಸಲ ಪೋಲಾದ ಮೂರು ಟ್ಯಾಂಕರುಗಳಿಗೆ ನನ್ನಲ್ಲಿ ಸಮರ್ಥನೆಯಿಲ್ಲ. ಎರಡನೆಯ ಸಲದ ನೀರನ್ನು ಆಟವಿಲ್ಲದಾಗ ತಾಡಪತ್ರಿಯಿಂದ ಮುಚ್ಚಿಟ್ಟು, ತಿಂಗಳು ಬಳಸಿ, ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ನಾಲ್ಕಾರು ದಿನ ಬಿಸಿಲಿಗೆ ಬಿಟ್ಟು, ಆ ಬಳಿಕ ಮಾವಿನ ಗಿಡಗಳಿಗೆ ಹಾಯಿಸಿದೆವು. ಬದನೆಯ ಮಡಿಗಳಿಗೆ ಕೂಡ, ಈ ಬಾರಿ ನೆರೆಯವರನ್ನು ಕೇಳಿ.

ಇನ್ನೊಂದು ಮಾತನ್ನು ತಾಯ್ತಂದೆಯರಿಗೆ ಹೇಳಲೇಬೇಕು. ನೆಲ ಎಷ್ಟೇ ಸಮನಾಗಿರಲಿ, ದೊಡ್ಡವರ ಕಣ್ಣು ಕೊಳದ ಮೇಲಿಲ್ಲದಾಗ ಏಣಿಯನ್ನು ತೆಗೆದಿಡಿ. ಮುಳುಗುವ ಮಗು ಕೂಗುವುದಿಲ್ಲ.

ಜ್ಯೇಷ್ಠದ ಮೊದಲ ಮಳೆಗೆ ಕೊಳ ಮಡಿಚಿಕೊಂಡು ಅಟ್ಟಕ್ಕೇರಿತು. ವೃತ್ತ ಉಳಿಯಿತು. ಪುಷ್ಯಮಾಸದಲ್ಲಿ ಕಾಕಾ ಮರಳನ್ನು ಬಳಿದು ಒತ್ತಟ್ಟಿಗಿಟ್ಟು, ನೆಲವನ್ನು ಬಗ್ಗಡದಿಂದ ಸಾರಿಸಿ, ಅದರ ಮೇಲೆ ತೊಗರಿಯನ್ನು ಬಡಿದರು. ಬಹಳ ವರ್ಷಗಳ ಮೇಲೆ ಮನೆಯಲ್ಲಿ ಕಣವಾಯಿತೆಂದು ಕಾಕಿಯವರು ಅಂದು ಹೋಳಿಗೆ ಮಾಡಿದ್ದರು.

ಮಕ್ಕಳಿಗೆ ಈಗ ಮತ್ತೆ ರಜೆ. ಪೆಟ್ಟಿಗೆಗಳು ಅಟ್ಟದಿಂದ ಇಳಿದಿವೆ. ಮೊನ್ನೆ ಗೌಂಡಿ ಬಂದು ಪೈಪು ಹಿಡಿದು ಎಂಟು ದಿಕ್ಕುಗಳನ್ನೂ ಅಳೆದನು. ಗರಸಿನ ಬದಿಯೆಲ್ಲ ಬಿಟ್ಟ ಹಾಗೆಯೇ ಇದ್ದಿತು. ಕಳೆದ ವರ್ಷದ ಪ್ರವಾಹದಲ್ಲಿ ತೊಯ್ದು ಉಬ್ಬಿದ್ದ ಎರೆ ಆರಿದುದರಿಂದ ತೆಂಕಣದ ಅಂಚು ಮಾತ್ರ ಅರ್ಧ ಅಂಗುಲ ಕುಸಿದಿದ್ದಿತು. ಅರ್ಧ ಬುಟ್ಟಿ ಮಣ್ಣು ಹಾಕಿದರೆ ಆಯಿತೆಂದು ಅಳಿಯ ಹೇಳುತ್ತಿರುವಂತೆಯೇ, ಕಾಕಾ ಸಲಿಕೆಯನ್ನು ತೆಗೆದುಕೊಂಡು ಬಡಗಣ ಅಂಚಿನ ಕಡೆಗೆ ನಡೆದರು.